ಕಾರ್ಖಾನೆ ಮಾಲೀಕರು ಮಂತ್ರಿಯಾದಾಗ

ಜಮಖಂಡಿ ಕಡೆಯ ಕಬ್ಬು ಬೆಳೆಗಾರರೇ,

ಪತ್ರ ತಲುಪಿತು. "ಮುರುಗೇಶ ನಿರಾಣಿ ಸಕ್ಕರೆ ಕಾರ್ಖಾನೆ ಕಟ್ಟಿದವರು, ಅವರೇ ಕೈಗಾರಿಕಾ ಮಂತ್ರಿಯೂ ಆಗಿದ್ದರು. ಇದಕ್ಕೆ ಕಾನೂನು ಅಡ್ಡ ಬರೋದಿಲ್ವಾ?" ಎಂದು ಕೇಳಿದ್ದೀರಿ. ದುಡ್ಡಿದ್ದವರು ಹೇಗಿದ್ದರೂ ಗೆಲ್ಲುತ್ತಾರೆ ಎಂದೂ ಬರೆದಿದ್ದೀರಿ.

ಗೆಲುವಿನ ಮಾತು ಮೊದಲು. ಅದು ಅಷ್ಟು ಸರಿಯಲ್ಲ. ನಿರಾಣಿ ಬೀಳಗಿಯಲ್ಲಿ 2004, 2008ರಲ್ಲಿ ಗೆದ್ದರು. 2013ರಲ್ಲಿ ಜೆ.ಟಿ. ಪಾಟೀಲರ ಎದುರು ಸೋತರು. 2018ರಲ್ಲಿ ಮತ್ತೆ ಗೆದ್ದರು, 2023ರಲ್ಲಿ ಅದೇ ಪಾಟೀಲರ ಎದುರು ಸೋತರು. ಸೋತಾಗ ಅವರು ಬೃಹತ್ ಕೈಗಾರಿಕಾ ಮಂತ್ರಿ. ಹಿಂದಿನ ನವೆಂಬರಿನಲ್ಲಷ್ಟೇ ಬೆಂಗಳೂರಿನಲ್ಲಿ ಬಂಡವಾಳ ಹೂಡಿಕೆದಾರರ ದೊಡ್ಡ ಸಮಾವೇಶ ನಡೆಸಿದ್ದರು. ಬೀಳಗಿಯ ಮತದಾರ ಅದಕ್ಕೆಲ್ಲ ಮರುಳಾಗಲಿಲ್ಲ, ಅಲ್ವಾ?

ಇನ್ನು ಕಾನೂನು. ಕಾರ್ಖಾನೆ ಇದೆ ಅನ್ನೋ ಕಾರಣಕ್ಕೆ ಯಾರನ್ನೂ ಶಾಸಕರಾಗದಂತೆ ತಡೆಯಲು ಆಗೋದಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಂ ಹೇಳೋದು ಬೇರೆ: ರಾಜ್ಯ ಸರ್ಕಾರಕ್ಕೆ ಸರಕು ಪೂರೈಸುವ ಅಥವಾ ಅದರ ಕಾಮಗಾರಿ ನಡೆಸುವ ಗುತ್ತಿಗೆ ಚಾಲ್ತಿಯಲ್ಲಿದ್ದರೆ ಶಾಸಕ ಸ್ಥಾನ ಇಲ್ಲ. ಮಂತ್ರಿಗಳಿಗೆ ಒಂದು ನೀತಿ ಸಂಹಿತೆಯೂ ಇದೆ. ಮಂತ್ರಿಯಾಗುವ ಮೊದಲು ವ್ಯಾಪಾರದ ಆಡಳಿತ ಬಿಡಬೇಕು, ಒಡೆತನ ಮಾತ್ರ ಉಳಿಸಿಕೊಳ್ಳಬಹುದು. ಅದನ್ನು ಜಾರಿ ಮಾಡಬೇಕಾದವರು ಯಾರು? ಮುಖ್ಯಮಂತ್ರಿ. ತಮ್ಮದೇ ಸಂಪುಟದವರ ಲೆಕ್ಕವನ್ನು ಅವರೆಷ್ಟು ಕೆದಕುತ್ತಾರೆ ಅನ್ನೋದು ನಿಮಗೂ ಗೊತ್ತು.

ಉದ್ಯಮಿ ಶಾಸಕರನ್ನೆಲ್ಲ ಒಂದೇ ತಕ್ಕಡಿಗೆ ಹಾಕೋದು ನನಗೆ ಒಪ್ಪಿಗೆಯಿಲ್ಲ. ನಿಮ್ಮೂರ ಸಿದ್ದು ನ್ಯಾಮಗೌಡರನ್ನೇ ನೋಡಿ. 1989ರಲ್ಲಿ ರೈತರ ದುಡ್ಡು, ರೈತರ ಬೆವರು ಸೇರಿಸಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿಸಿದರು. 1991ರಲ್ಲಿ ಬಾಗಲಕೋಟೆ ಲೋಕಸಭೆಗೆ ನಿಂತು ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಅವರೂ ಸಕ್ಕರೆ ಕಾರ್ಖಾನೆ ಕಟ್ಟಿದವರೇ. 2013, 2018ರಲ್ಲಿ ಜಮಖಂಡಿ ಶಾಸಕರಾದರು. ಆದರೂ ಜನರ ಬಾಯಲ್ಲಿ ಉಳಿದದ್ದು 'ಬ್ಯಾರೇಜ್ ಸಿದ್ದು' ಅಂತಲೇ. ಕಾರ್ಖಾನೆಯ ಹೆಸರಿನಿಂದ ಅವರನ್ನು ಯಾರೂ ಕರೆಯಲಿಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ಕಬ್ಬಿನ ಕನಿಷ್ಠ ದರ ಗೊತ್ತು ಮಾಡೋದು ಕೇಂದ್ರ. ಆದರೆ ಬಿಲ್ಲು ಬಾಕಿ ಇಟ್ಟ ಕಾರ್ಖಾನೆಯ ಬೆನ್ನು ಹತ್ತಬೇಕಾದವರು ರಾಜ್ಯದ ಕಬ್ಬು ಆಯುಕ್ತರು, ಜಿಲ್ಲಾಧಿಕಾರಿ. ಡಿಸ್ಟಿಲರಿಗೆ ಲೈಸೆನ್ಸ್ ಕೊಡೋದೂ ರಾಜ್ಯವೇ. ಮಾಲೀಕರೇ ವಿಧಾನಸೌಧದಲ್ಲಿ ಕೂತಿದ್ದರೆ ಆ ಅಧಿಕಾರಿ ಫೋನ್ ಎತ್ತುವ ಮೊದಲು ಎರಡು ಸಲ ಯೋಚಿಸುತ್ತಾನೆ. ಯಾರೂ ಏನೂ ಹೇಳಬೇಕಾಗಿಲ್ಲ. ಸುಮ್ನೆ ಫೈಲು ಮೇಜಿನ ಮೇಲೆ ಉಳಿಯುತ್ತದೆ. ಇದನ್ನು ಯಾವ ಕಲಂ ಹಿಡಿಯುತ್ತದೆ ಹೇಳಿ?

ಪತ್ರದ ಜೊತೆ ತೂಕದ ಚೀಟಿಯ ಜೆರಾಕ್ಸ್ ಇಟ್ಟಿದ್ದೀರಿ. ಟ್ರ್ಯಾಕ್ಟರ್ ಎರಡು ರಾತ್ರಿ ಸಾಲಿನಲ್ಲಿ ನಿಂತಿತ್ತು, ಕಬ್ಬು ಒಣಗಿ ತೂಕ ಇಳಿಯಿತು, ಬಿಲ್ಲು ಇನ್ನೂ ಬಂದಿಲ್ಲ ಎಂದಿದ್ದೀರಿ. ಕಾರ್ಖಾನೆಯ ಹೆಸರು ಇಲ್ಲಿ ಹಾಕುತ್ತಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಬರಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. ಚೀಟಿಯ ಮೇಲಿನ ತಾರೀಖಿನಿಂದ ಎಣಿಸಿ, ಬಡ್ಡಿ ಸೇರಿಸಿ ಡಿಸಿ ಕಚೇರಿಗೆ ಅರ್ಜಿ ಕೊಡಿ. ಒಂದು ಪ್ರತಿ ನಿಮ್ಮ ಶಾಸಕರಿಗೂ ಕಳಿಸಿ. ಅವರಿಂದ ಉತ್ತರ ಬಂದರೆ ನಮಗೂ ಕಳಿಸಿಕೊಡಿ, ಪ್ರಕಟಿಸುತ್ತೇವೆ.

– ಸಂಪಾದಕ