ಬ್ರೇಕ್‌ನಿಂದ ಕಾಲು ತೆಗೆದದ್ದು ಯಾವಾಗ?

ಪ್ರಿಯರೇ,

‘ಪರದೆ ಕಲಿಸಿದ ಪಾಠ’ ಓದಿದೆ. ಭಾಷೆ ಸರಾಗವಾಗಿದೆ, ಕಾಗುಣಿತ ತಪ್ಪಿಲ್ಲ, ಉದ್ದವೂ ಹದವಾಗಿದೆ. ಇಷ್ಟು ಬರೆದು ಸುಮ್ಮನಾಗಬಹುದಿತ್ತು. ಆದರೆ ನಿಮ್ಮ ಲೇಖನ ನನ್ನನ್ನು ರೇಗಿಸಿತು. ಅದಕ್ಕೇ ಈ ಪತ್ರ ಸ್ವಲ್ಪ ಜಾಸ್ತಿ ಉದ್ದ.

ಬೇರೆ ಓದುಗರಿಗೆ ಗೊತ್ತಾಗಲಿ ಅಂತ ನಿಮ್ಮ ಕತೆ ಹೇಳಿಬಿಡುತ್ತೇನೆ. ಸ್ಟೀರಿಂಗ್, ಪೆಡಲ್ ಎಲ್ಲ ಜೋಡಿಸಿಕೊಂಡು ಮನೆಯಲ್ಲಿ, ಪರದೆಯ ಮೇಲೆ ಕಾರು ಓಡಿಸುವ ಡ್ರೈವಿಂಗ್ ಸಿಮ್ಯುಲೇಟರ್ ಆಡುವವರು ನೀವು. ಒಂದು ಸಂಜೆ ಹೆದ್ದಾರಿಯಲ್ಲಿ ನಿಜವಾದ ಕಾರಿನ ಟೈರ್ ಸಿಡಿಯಿತು. ಕಾರು ರಸ್ತೆ ಬದಿಗೆ ಬಂದು ನಿಂತಿತು, ಯಾರಿಗೂ ಏನೂ ಆಗಲಿಲ್ಲ. ಆದ್ದರಿಂದ ಸಿಮ್ಯುಲೇಟರ್ ಜೀವ ಉಳಿಸುತ್ತದೆ ಎನ್ನುತ್ತೀರಿ. ಉಳಿಸಿರಬಹುದು. ಆದರೆ ಹೇಗೆ ಎಂಬುದು ನಿಮ್ಮ ಎಂಟು ಪುಟದಲ್ಲಿ ಎಲ್ಲೂ ಇಲ್ಲ. ಇರಬೇಕಾದ ಜಾಗ ನಾಲ್ಕನೇ ಪ್ಯಾರಾ. ಅಲ್ಲಿ ಇರುವುದು ಐದೇ ವಾಕ್ಯ.

“ಮುಂದಿನ ಎಡ ಟೈರ್ ಢಬ್ ಎಂದು ಸಿಡಿಯಿತು.” ಸರಿ, ಇರಲಿ.

“ಕ್ಷಣಾರ್ಧದಲ್ಲಿ ಕಾಲು ಬ್ರೇಕ್ ಮೇಲೆ ಹೋಯಿತು.” ‘ಕ್ಷಣಾರ್ಧ’ ಬೇಡ. ಉಳಿದದ್ದು ಅಪ್ಪಟ ನಿಜ. ಯಾರ ಕಾಲಾದರೂ ಮೊದಲು ಅಲ್ಲಿಗೇ ಹೋಗುತ್ತದೆ. ಹೋಗಬಾರದು ಅನ್ನುವುದು ಬೇರೆ ಮಾತು. ಸಿಡಿದ ಟೈರ್ ಕಾರನ್ನು ತನ್ನ ಕಡೆಗೆ ಎಳೆಯುತ್ತಿರುತ್ತದೆ. ಬ್ರೇಕ್ ಜೋರಾಗಿ ಒತ್ತಿದರೆ ಭಾರವೆಲ್ಲ ಮುಂದಕ್ಕೆ ಬಂದು ಎಳೆತ ಇನ್ನೂ ಹೆಚ್ಚುತ್ತದೆ. ಸ್ಟೀರಿಂಗ್ ಬಿಗಿಯಾಗಿ ಹಿಡಿದು, ಆಕ್ಸಿಲರೇಟರ್ ನಿಧಾನಕ್ಕೆ ಬಿಟ್ಟು, ವೇಗ ತಾನಾಗಿ ಇಳಿಯಲು ಬಿಡಬೇಕು.

“ಆಮೇಲೆ ಕಾಲು ತೆಗೆದೆ.” ಇದನ್ನು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಯಾಕೆ ತೆಗೆದಿರಿ? ಬ್ರೇಕ್ ಒತ್ತಿದ ಮೇಲೆ ಏನೋ ಗೊತ್ತಾಗಿರಬೇಕಲ್ಲ? ಎಳೆತ ಜಾಸ್ತಿ ಆಯಿತೋ? ಪರದೆಯ ಮೇಲೆ ಹೀಗೇ ಒತ್ತಿ ಗುದ್ದಿಸಿಕೊಂಡದ್ದು ನೆನಪಾಯಿತೋ? ನೆನಪು ಏನೂ ಬರದೆ ಕಾಲು ತಾನೇ ಎದ್ದಿತೋ? ನಿಮ್ಮ ಲೇಖನ ಇರುವುದೇ ಈ ‘ಆಮೇಲೆ’ಯ ಒಳಗೆ. ನೀವು ಅದನ್ನು ದಾಟಿ ಓಡಿದ್ದೀರಿ.

“ನನ್ನೊಳಗಿನ ಆಟಗಾರ ಎಚ್ಚೆತ್ತ.” ಹೊಡೆದು ಹಾಕಿ.

“ಸಿಮ್ಯುಲೇಟರ್‌ನಲ್ಲಿ ಮಾಡಿದಂತೆಯೇ ಕೈಗಳು ಸ್ಟೀರಿಂಗನ್ನು ಎದುರು ದಿಕ್ಕಿಗೆ ತಿರುಗಿಸಿದವು.” ಯಾವುದರ ಎದುರು? ಹಿಂಭಾಗ ಜಾರಿದಾಗ ಸ್ಟೀರಿಂಗ್ ತಿರುಗಿಸಿ ಸರಿಪಡಿಸುವುದು ಒಂದು ಕೆಲಸ. ಮುಂದಿನ ಟೈರ್ ಎಳೆಯುವಾಗ ಅದಕ್ಕೆ ಬಗ್ಗದೆ ನೇರ ಹಿಡಿಯುವುದು ಇನ್ನೊಂದು. ನೀವು ಮಾಡಿದ್ದು ಯಾವುದು? ಅಲ್ಲದೆ, ಕೈ ಕಲಿತದ್ದನ್ನು ಕಾಲು ಯಾಕೆ ಕಲಿತಿರಲಿಲ್ಲ? ಮನೆಯ ಸ್ಟೀರಿಂಗ್ ಕೈಯನ್ನು ಎಳೆಯುತ್ತದೆ, ಒಪ್ಪಿದೆ. ಆದರೆ ಕುರ್ಚಿ ಅಲ್ಲೇ ಇರುತ್ತದೆ, ಮೈ ಪಕ್ಕಕ್ಕೆ ವಾಲುವುದಿಲ್ಲ. ಈ ವ್ಯತ್ಯಾಸವನ್ನು ಮೈಯಲ್ಲಿ ಅನುಭವಿಸಿ ಬಂದವರು ನೀವು. ಅದರ ಬಗ್ಗೆ ಒಂದು ಮಾತೂ ಇಲ್ಲ!

ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಒಬ್ಬ ಹಿರಿಯ ಸಂಪಾದಕರಿದ್ದರು. ಅಪಘಾತದ ಸುದ್ದಿ ಬರೆದುಕೊಂಡು ಹೋದರೆ ಓದುತ್ತಲೇ ಇರಲಿಲ್ಲ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲಿಡುತ್ತಿದ್ದರು. “ಇದು ಬಸ್ಸು, ಈ ಪೆನ್ನು ರಸ್ತೆ. ನಡೆಸಿ ತೋರಿಸಯ್ಯಾ” ಅನ್ನುತ್ತಿದ್ದರು. ಪೊಟ್ಟಣ ಎಲ್ಲಿ ನಿಂತುಹೋಗುತ್ತಿತ್ತೋ ಅಲ್ಲಿ ಕಾಪಿಯ ಮೇಲೆ ಒಂದು ಗೀಟು. ಆ ಗೀಟಿನ ಜಾಗದಲ್ಲಿ ಯಾವಾಗಲೂ ‘ನಿಯಂತ್ರಣ ತಪ್ಪಿ’ ಅಂತಲೇ ಇರುತ್ತಿತ್ತು. ಆಗ ನಮಗೆಲ್ಲ ಅವರ ಮೇಲೆ ವಿಪರೀತ ಸಿಟ್ಟು. ಈಗ ನನ್ನ ಡ್ರಾಯರ್‌ನಲ್ಲೂ ಒಂದು ಪೊಟ್ಟಣ ಇದೆ, ನಾನು ಸಿಗರೇಟು ಸೇದುವವನಲ್ಲ. ನಿಮ್ಮ ಕಾರನ್ನು ಅದರಲ್ಲಿ ನಡೆಸಿ ನೋಡಿದೆ. ‘ಆಮೇಲೆ’ ಹತ್ತಿರ ನಿಂತಿತು.

ಎರಡನೆಯದು ನ್ಯೂಯಾರ್ಕ್‌ನ ಹಡ್ಸನ್ ನದಿ. “ಸಿಮ್ಯುಲೇಟರ್‌ನಲ್ಲಿ ಅಭ್ಯಾಸ ಮಾಡಿದ್ದರಿಂದಲೇ ಸಲ್ಲೆನ್‌ಬರ್ಗರ್ 2009ರಲ್ಲಿ ವಿಮಾನವನ್ನು ನದಿಯಲ್ಲಿ ಇಳಿಸಿದರು” ಎಂದಿದ್ದೀರಿ. ತಪ್ಪು. ನೀರಿನ ಮೇಲೆ ಇಳಿಸುವ ಬಗ್ಗೆ ಅವರಿಗೆ ತರಗತಿಯಲ್ಲಿ ಪಾಠ ಆಗಿತ್ತು, ಸಿಮ್ಯುಲೇಟರ್‌ನಲ್ಲಿ ಅಲ್ಲ. ಎರಡೂ ಎಂಜಿನ್ ಕೈಕೊಟ್ಟರೆ ಓದಬೇಕಾದ ಪಟ್ಟಿ ತುಂಬಾ ಎತ್ತರದಲ್ಲಿ ಹಾರುವ ವಿಮಾನಕ್ಕಾಗಿ ಬರೆದದ್ದು. ಹಕ್ಕಿಗಳು ಬಡಿದು ಎಂಜಿನ್ ಕೈಕೊಟ್ಟಾಗ ಇವರು ಮೂರು ಸಾವಿರ ಅಡಿಯನ್ನೂ ಮುಟ್ಟಿರಲಿಲ್ಲ. ಹಕ್ಕಿಗಳು ಬಡಿದ ಹೊತ್ತಿನಿಂದ ನೀರು ಮುಟ್ಟುವವರೆಗೆ ಸಿಕ್ಕದ್ದು ಸುಮಾರು ಮೂರೂವರೆ ನಿಮಿಷ. ಸಿಮ್ಯುಲೇಟರ್ ಬಂದದ್ದು ಆಮೇಲೆ, ತನಿಖೆಯಲ್ಲಿ ಬೇರೆ ಪೈಲಟ್‌ಗಳಿಂದ ಅದೇ ಹಾರಾಟ ಮಾಡಿಸಿ ನೋಡಿದಾಗ. ಹಕ್ಕಿ ಬಡಿದ ಕೂಡಲೇ ವಿಮಾನ ನಿಲ್ದಾಣದತ್ತ ತಿರುಗಿಸಿದ ಪೈಲಟ್‌ಗಳಲ್ಲಿ ಕೆಲವರು ರನ್‌ವೇ ಮುಟ್ಟಿದರು. ಏನಾಯಿತು ಎಂದು ತಿಳಿದು ತೀರ್ಮಾನಿಸಲು 35 ಸೆಕೆಂಡ್ ಸೇರಿಸಿದಾಗ ಮುಟ್ಟಲಾಗಲಿಲ್ಲ. ಹಕ್ಕಿ ಬರುತ್ತದೆ ಎಂದು ಗೊತ್ತಿದ್ದೇ ಕೂತವರಿಗೆ ಆ 35 ಸೆಕೆಂಡ್ ಬೇಕಾಗಿರಲಿಲ್ಲ, ಅಲ್ವಾ? ನಿಮ್ಮ ಬ್ರೇಕ್ ಮೇಲಿನ ಕಾಲು ಇದ್ದದ್ದೂ ಇಂಥದೇ ಹೊತ್ತಿನಲ್ಲಿ.

ವಿಮಾನದ ಉದಾಹರಣೆ ಬೇಕೇ ಬೇಕು ಅಂದರೆ 1989ರ ಯುನೈಟೆಡ್ ಏರ್‌ಲೈನ್ಸ್ 232 ವಿಮಾನದ ಅಪಘಾತ ನೋಡಿ. ವಿಮಾನ ತಿರುಗಿಸಲು ಬೇಕಾದ ಹೈಡ್ರಾಲಿಕ್ ವ್ಯವಸ್ಥೆ ಪೂರ್ತಿ ಹೋಗಿತ್ತು. ಪ್ರಯಾಣಿಕರ ನಡುವೆ ಕೂತಿದ್ದ ಡೆನ್ನಿಸ್ ಫಿಚ್ ಎಂಬ ತರಬೇತುದಾರ ಪೈಲಟ್ ಕಾಕ್‌ಪಿಟ್‌ಗೆ ಬಂದು ಥ್ರಾಟಲ್ ಹಿಡಿದರು. ಎಂಜಿನ್‌ಗಳ ಬಲವನ್ನು ಹೆಚ್ಚುಕಡಿಮೆ ಮಾಡಿಯೇ ವಿಮಾನ ತಿರುಗಿಸುವುದನ್ನು ಅವರು ಮೊದಲೇ ಸಿಮ್ಯುಲೇಟರ್‌ನಲ್ಲಿ ಪ್ರಯತ್ನಿಸಿ ನೋಡಿದ್ದವರು. 296 ಜನರಲ್ಲಿ 184 ಮಂದಿ ಬದುಕಿದರು. ಅದೇ ಸ್ಥಿತಿಯನ್ನು ಆಮೇಲೆ ಸಿಮ್ಯುಲೇಟರ್‌ನಲ್ಲಿ ಹಾಕಿ ನೋಡಿದ ತನಿಖೆ, ಇಂಥ ವಿಮಾನವನ್ನು ಸುರಕ್ಷಿತವಾಗಿ ಇಳಿಸುವುದನ್ನು ತರಬೇತಿ ಕೊಟ್ಟು ಕಲಿಸಲಾಗದು ಎಂದಿತು. ನಿಮ್ಮ ವಾದಕ್ಕೆ ಇದು ಅರ್ಧ ಪರ, ಅರ್ಧ ವಿರುದ್ಧ. ಹಾಗೆಯೇ ಬರೆಯಿರಿ.

ಡ್ರೈವಿಂಗ್ ಸ್ಕೂಲ್‌ಗಳಿಗೆ ಬುದ್ಧಿ ಹೇಳುವ ಕೊನೆಯ ಎರಡು ಪುಟದ ಬಗ್ಗೆ ನಾನೇನೂ ಹೇಳುವುದಿಲ್ಲ. ನಾಲ್ಕನೇ ಪ್ಯಾರಾ ಮತ್ತೆ ಬರೆದು ಕಳಿಸಿ, ಅದೊಂದೇ ಆದರೂ ಸಾಕು. ಅಂದಹಾಗೆ, ಪಕ್ಕದ ಸೀಟಿನಲ್ಲಿ ತಂಗಿ ಇದ್ದಳು ಅಂತ ಮೊದಲ ಪುಟದಲ್ಲಿ ಬರೆದಿದ್ದೀರಿ. ಟೈರ್ ಸಿಡಿದ ಮೇಲೆ ಅವರ ಸುದ್ದಿಯೇ ಇಲ್ಲ. ಬರೆಯುವ ಮೊದಲು ಅವರನ್ನೊಮ್ಮೆ ಕೇಳಿ. ಕಾರು ಎಷ್ಟು ದೂರ ಎಳೆಯಿತು, ನೀವು ಏನಂತ ಕೂಗಿದಿರಿ, ಅವರಿಗೆ ನೆನಪಿರಬಹುದು.

ಇಂತಿ,
ಸಂಪಾದಕ