ಅಪ್ಪನ ಸಕ್ಕರೆ ಕಾಯಿಲೆಯ ಮಾತ್ರೆ ನಾಯಿಗೂ ಆದೀತೇ?

ಪ್ರಶ್ನೆ: ನಮ್ಮ ಎಂಟು ವರ್ಷದ ನಾಟಿ ಹೆಣ್ಣುನಾಯಿ ಕಳೆದ ಬಾರಿಯ ಬೆದೆ ಮುಗಿದ ಮೇಲೆ ವಿಪರೀತ ನೀರು ಕುಡಿಯತೊಡಗಿತು, ರಾತ್ರಿ ಮನೆಯೊಳಗೇ ಮೂತ್ರ ಮಾಡುತ್ತಿತ್ತು, ಚೆನ್ನಾಗಿ ತಿಂದರೂ ಸೊರಗಿ 16 ಕೆ.ಜಿ.ಗೆ ಇಳಿದಿದೆ. ರಕ್ತದ ಸಕ್ಕರೆ 420 ಬಂದದ್ದರಿಂದ ಪಶುವೈದ್ಯರು ದಿನಕ್ಕೆರಡು ಸಲ 4 ಯುನಿಟ್ ಎನ್‌ಪಿಎಚ್ (ಮಧ್ಯಮ ಅವಧಿಯವರೆಗೆ ಕೆಲಸ ಮಾಡುವ) ಇನ್ಸುಲಿನ್ ಬರೆದಿದ್ದಾರೆ. ನಮ್ಮ ತಂದೆಗೂ ಮಧುಮೇಹವಿದ್ದು, ಮಾತ್ರೆಯ ಜೊತೆಗೆ ಇನ್ಸುಲಿನ್ ಪೆನ್ ಬಳಸುತ್ತಾರೆ. ಅವರ ಔಷಧಿಯನ್ನೇ ನಾಯಿಗೂ ಕೊಡಬಹುದೇ? ಖರ್ಚನ್ನು ಎಲ್ಲಿ ಉಳಿಸಬಹುದು?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಮಾತ್ರೆಯನ್ನು ಕೊಡಬೇಡಿ. ತಂದೆಯವರ ಮೇದೋಜೀರಕ ಗ್ರಂಥಿ ಇನ್ನೂ ಅಷ್ಟಿಷ್ಟು ಇನ್ಸುಲಿನ್ ಸ್ರವಿಸುತ್ತಿರುವುದರಿಂದ ಅವರಿಗೆ ಮಾತ್ರೆ ಕೆಲಸ ಮಾಡುತ್ತದೆ. ನಾಯಿಗಳಲ್ಲಾದರೋ ರೋಗ ಗೊತ್ತಾಗುವ ಹೊತ್ತಿಗೆ ಆ ಸ್ರಾವ ಸಾಮಾನ್ಯವಾಗಿ ಬಹುಮಟ್ಟಿಗೆ ನಿಂತಿರುತ್ತದೆ, ಹಾಗಾಗಿ ಇನ್ಸುಲಿನ್ ಚುಚ್ಚುವುದೇ ಚಿಕಿತ್ಸೆ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಈ ಗ್ರಂಥಿಯ ಸಾರವನ್ನು ಮೊದಲು ಪರೀಕ್ಷಿಸಿದ್ದು ಗ್ರಂಥಿ ತೆಗೆದ ನಾಯಿಗಳ ಮೇಲೆ. ಶುದ್ಧೀಕರಿಸಿದ ಆ ಸಾರ ಮರುವರ್ಷ ಮನುಷ್ಯರ ಜೀವ ಉಳಿಸಿತು. ನಿಮ್ಮ ತಂದೆಯವರ ಪೆನ್ನಿನ ಹಿಂದೆ ಆ ನಾಯಿಗಳ ಋಣವಿದೆ.

ಆ ಪೆನ್ನನ್ನೂ ಹಂಚಿಕೊಳ್ಳಬಾರದು. ಪೆನ್ನುಗಳಲ್ಲಿ ಹೆಚ್ಚಾಗಿ ಪ್ರತಿ ಎಂ.ಎಲ್.ಗೆ 100 ಯುನಿಟ್ ಇರುತ್ತದೆ, ಎಷ್ಟೋ ವೇಳೆ ಅದು ಬೇಗ ಕೆಲಸ ಮಾಡುವ ಇನ್ಸುಲಿನ್ ಬೆರೆತ ಮಿಶ್ರಣವೂ ಆಗಿರುತ್ತದೆ. ಅದನ್ನು ಪ್ರತಿ ಎಂ.ಎಲ್.ಗೆ 40 ಯುನಿಟ್ ಲೆಕ್ಕದಲ್ಲಿ ಗೆರೆ ಹಾಕಿದ ಸಿರಿಂಜಿನಲ್ಲಿ 4ರ ಗೆರೆಯವರೆಗೆ ಎಳೆದರೆ ನಾಯಿಯ ಮೈಗೆ ಹೋಗುವುದು ನಾಲ್ಕಲ್ಲ, ಹತ್ತು ಯುನಿಟ್. ಅಷ್ಟಕ್ಕೆ ಪ್ರಾಣವೇ ಹೋಗಬಹುದು. ನಾಯಿಗೆ ಬೇರೆಯೇ ವಯಲ್ (ಇನ್ಸುಲಿನ್ನಿನ ಪುಟ್ಟ ಬಾಟಲಿ) ತನ್ನಿ, ಅದರ ಮೇಲೆ 40 ಎಂದಿದ್ದರೆ ಸಿರಿಂಜಿನ ಮೇಲೂ 40 ಎಂದೇ ಇರುವುದನ್ನು ಪ್ರತಿ ಬಾರಿಯೂ ನೋಡಿಕೊಳ್ಳಿ.

ಇನ್ನು ಲೆಕ್ಕಕ್ಕೆ ಬರೋಣ. 10 ಎಂ.ಎಲ್.ನ ಅಂಥ ಒಂದು ವಯಲ್‌ನಲ್ಲಿ 400 ಯುನಿಟ್ ಇರುತ್ತದೆ. ದಿನಕ್ಕೆ 8 ಯುನಿಟ್‌ನಂತೆ ಐವತ್ತು ದಿನಕ್ಕಾಗುತ್ತದೆ. ಆದರೆ ತೆರೆದ ವಯಲನ್ನು ಲೇಬಲ್ಲಿನಲ್ಲಿ ಹೇಳಿದ ಅವಧಿ ಮುಗಿದ ಮೇಲೆ ಎಸೆಯಬೇಕಾದ್ದರಿಂದ ತಿಂಗಳಿಗೊಂದು ಎಂದೇ ಹಿಡಿಯಿರಿ. ನೀವು ಅಂಜಿದಷ್ಟು ದೊಡ್ಡ ಖರ್ಚು ಇದಲ್ಲ, ಜನೌಷಧಿ ಕೇಂದ್ರದಲ್ಲಿಯೂ ವಿಚಾರಿಸಿ ನೋಡಿ. ವಯಲನ್ನು ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಲ್ಲ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಉಪಯೋಗಕ್ಕೆ ಬಾರದು.

ಸಾಲ ಮಾಡಿಯಾದರೂ ಮಾಡಿಸಬೇಕಾದದ್ದೆಂದರೆ ಸಂತಾನಹರಣ ಶಸ್ತ್ರಚಿಕಿತ್ಸೆ. ಬೆದೆ ಮುಗಿದ ಮೇಲೆ ಸುಮಾರು ಎರಡು ತಿಂಗಳು ಹೆಣ್ಣುನಾಯಿಯ ಮೈಯಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರಿದ ಮಟ್ಟದಲ್ಲಿದ್ದು, ಅದರಿಂದ ಹೆಚ್ಚುವ ಬೆಳವಣಿಗೆಯ ಹಾರ್ಮೋನು ಇನ್ಸುಲಿನ್ನನ್ನು ಕೆಲಸ ಮಾಡಗೊಡುವುದಿಲ್ಲ. ನೀವು ಹೇಳಿದ ಕ್ರಮವನ್ನು ನೋಡಿದರೆ ನಿಮ್ಮ ನಾಯಿಯಲ್ಲಿ ಆಗಿರುವುದೂ ಇದೇ ಇರಬಹುದು. ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ಪ್ರತಿ ಬೆದೆಯ ನಂತರವೂ ಸಕ್ಕರೆ ಹಿಡಿತ ತಪ್ಪಿ, ಡೋಸೂ ಖರ್ಚೂ ಏರುತ್ತವೆ. ಬೇಗ ಮಾಡಿಸಿದರೆ ಕೆಲವು ನಾಯಿಗಳಿಗೆ ಇನ್ಸುಲಿನ್ನಿನ ಅಗತ್ಯವೇ ಇಲ್ಲದಂತಾಗುವುದುಂಟು. ಶಸ್ತ್ರಚಿಕಿತ್ಸೆಯ ನಂತರ ಡೋಸ್ ಇಳಿಸಬೇಕಾಗಿ ಬರಬಹುದಾದ್ದರಿಂದ ಆ ವಾರಗಳಲ್ಲಿ ವೈದ್ಯರ ಸಂಪರ್ಕದಲ್ಲಿರಿ. ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ನಿಮಗೆ ದೂರವಲ್ಲ, ಮೊದಲು ಅಲ್ಲಿ ಕೇಳಿ.

ಉಳಿತಾಯಕ್ಕೆ ಊಟದಲ್ಲಿ ದಾರಿಯಿದೆ. ದುಬಾರಿ ಡಯಾಬಿಟಿಕ್ ಆಹಾರದ ಚೀಲ ಅನಿವಾರ್ಯವಲ್ಲ. ರಾಗಿಮುದ್ದೆ, ಕೊಬ್ಬು ತೆಗೆದ ಕೋಳಿಮಾಂಸ, ಬೇಯಿಸಿದ ತರಕಾರಿಗಳನ್ನು ವೈದ್ಯರು ಒಪ್ಪಿದ ಅಳತೆಯಲ್ಲಿ, ಹನ್ನೆರಡು ಗಂಟೆಗಳ ಅಂತರದಲ್ಲಿ ದಿನವೂ ಒಂದೇ ಸಮಕ್ಕೆ ಕೊಡಿ, ತಿಂದ ಮೇಲೆ ಇನ್ಸುಲಿನ್ ಚುಚ್ಚಿ. ಬಿಸ್ಕತ್ತು, ಬೆಲ್ಲ, ಬಾಡೂಟದ ಕೊಬ್ಬು ಬೇಡವೇ ಬೇಡ. ತಂದೆಯವರಿಗೆಂದು ಮನೆಯಲ್ಲಿ ಶುಗರ್‌ಫ್ರೀ ತಿನಿಸುಗಳಿದ್ದರೆ ಅವನ್ನು ಬೀಗ ಹಾಕಿಡಿ, ಏಕೆಂದರೆ ಅವುಗಳಲ್ಲಿ ಕೆಲವಕ್ಕೆ ಸಿಹಿಗೆಂದು ಹಾಕುವ ಜೈಲಿಟಾಲ್ ನಾಯಿಗಳಿಗೆ ವಿಷ.

ಹಣ ಉಳಿಸಲೆಂದು ಡೋಸ್ ತಪ್ಪಿಸಬೇಡಿ. ಹಾಗೆ ಮಾಡಿ ಕೀಟೋಅಸಿಡೋಸಿಸ್ (ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ಏರಿ ಪ್ರಾಣಕ್ಕೆ ಕುತ್ತು ತರುವ ಸ್ಥಿತಿ) ಆದರೆ ಆಸ್ಪತ್ರೆಯಲ್ಲಿ ಕೆಲವೇ ದಿನಗಳಲ್ಲಿ ತಿಂಗಳುಗಳ ಇನ್ಸುಲಿನ್ನಿನ ಹಣ ಕರಗಿಹೋಗುತ್ತದೆ. ಡೋಸ್ ಕೊಟ್ಟೆವೋ ಇಲ್ಲವೋ ಎಂಬ ಅನುಮಾನ ಬಂದರೆ ಮಾತ್ರ ಎರಡನೆಯ ಸಲ ಕೊಡಬೇಡಿ. ನಾಯಿ ಊಟ ಬಿಟ್ಟ ಹೊತ್ತಿನಲ್ಲಿ ಪೂರ್ತಿ ಡೋಸ್ ಚುಚ್ಚುವುದೂ ಅಪಾಯಕಾರಿ, ಮೊದಲು ವೈದ್ಯರಿಗೆ ಫೋನ್ ಮಾಡಿ. ನಾಯಿ ತೂರಾಡಿದರೆ, ನಡುಗಿದರೆ ಅಥವಾ ಮಂಕಾದರೆ ಜೇನುತುಪ್ಪವನ್ನೋ ಗ್ಲೂಕೋಸ್ ನೀರನ್ನೋ ಒಸಡಿಗೆ ಸವರಿ ಕೂಡಲೇ ಆಸ್ಪತ್ರೆಗೆ ಹೊರಡಿ.

ಕಣ್ಣಿನ ವಿಚಾರವನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಮಧುಮೇಹವಿರುವ ನಾಯಿಗಳಲ್ಲಿ ಬಹುಪಾಲಿಗೆ ಒಂದು ವರ್ಷದ ಆಸುಪಾಸಿನಲ್ಲಿ ಕಣ್ಣಿಗೆ ಪೊರೆ ಬರುತ್ತದೆ. ನೀವು ಎಷ್ಟು ಚೆನ್ನಾಗಿ ನೋಡಿಕೊಂಡರೂ ಬಂದೀತು, ಅದಕ್ಕೆ ನಿಮ್ಮನ್ನು ಹಳಿದುಕೊಳ್ಳಬೇಡಿ. ಪೊರೆಯ ಶಸ್ತ್ರಚಿಕಿತ್ಸೆ ದುಬಾರಿ, ಅದು ನಿಮ್ಮ ಕೈಲಾಗದಿದ್ದರೂ ನಾಯಿ ವಾಸನೆ ಹಿಡಿದೇ ಮನೆಯಲ್ಲಿ ಓಡಾಡಬಲ್ಲದು. ಕಣ್ಣು ಕೆಂಪಾಗಿ ನೋಯುತ್ತಿದ್ದರೆ ಮಾತ್ರ ತಡಮಾಡದೆ ತೋರಿಸಿ. ನೀರಿನ ಬಟ್ಟಲನ್ನೂ ಅದು ಮಲಗುವ ಗೋಣಿಯನ್ನೂ ಈಗಿನಿಂದಲೇ ಒಂದೇ ಜಾಗದಲ್ಲಿಡಿ.