2000 ಹರ್ಟ್ಸ್‌ನ ಆ ಇಳಿತ ನರದ ದೋಷವೇ ಆಗಬೇಕಿಲ್ಲ

ಕಿವಿ ಪರೀಕ್ಷೆಯಲ್ಲಿ ನಿಮ್ಮ ಅಮ್ಮನ ಬಲಗಿವಿಗೆ ಗಾಳಿಯ ಮೂಲಕ (ಹೆಡ್‌ಫೋನ್‌ನಲ್ಲಿ) 55 ಡೆಸಿಬೆಲ್, ಮೂಳೆಯ ಮೂಲಕ (ತಲೆಬುರುಡೆಯಿಂದ ನೇರ ಒಳಕಿವಿಗೆ) 20 ಬಂದಿದೆ, 2000 ಹರ್ಟ್ಸ್‌ನಲ್ಲಿ ಮಾತ್ರ ಮೂಳೆಯ ಗೆರೆ 35ಕ್ಕೆ ಇಳಿದಿದೆ (ಸಂಖ್ಯೆ ಹೆಚ್ಚಾದಷ್ಟೂ ಗೆರೆ ಕೆಳಗೆ, ಕೇಳುವುದು ಕಡಿಮೆ), ನರವೂ ಹೋಗಿದೆಯಾ, ಆಪರೇಷನ್‌ನಿಂದ ಪ್ರಯೋಜನ ಇದೆಯಾ ಅಂತ ಕೇಳಿದ್ದೀರಿ.

ಆ ಇಳಿತಕ್ಕೆ ಕಾರ್‌ಹಾರ್ಟ್ ನಾಚ್ ಅಂತಾರೆ. ಕಿವಿಯೊಳಗಿನ ಮೂಳೆ ಅಸಹಜವಾಗಿ ಬೆಳೆಯುವ ಓಟೋಸ್ಕ್ಲೆರೋಸಿಸ್ ಅನ್ನೋ ಕಾಯಿಲೆಯಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಸ್ಟೇಪಿಸ್ ಅನ್ನೋ ಪುಟ್ಟ ಮೂಳೆ ಕದಲದೆ ಕೂತುಬಿಟ್ಟಾಗ, ನರ ಚೆನ್ನಾಗಿದ್ದರೂ ಮೂಳೆಯ ಗೆರೆ ಅಲ್ಲಿ ಕೆಳಗೆ ಬರುತ್ತದೆ. ಆಪರೇಷನ್ ಆದ ಮೇಲೆ ಎಷ್ಟೋ ಜನರಲ್ಲಿ ಅದು ಸರಿಹೋಗುತ್ತದೆ. ಅದೊಂದನ್ನೇ ನೋಡಿ ಸುಮ್ನೆ ಹೆದರಬೇಡಿ.

ನೋಡಬೇಕಾದ್ದು ಎರಡು ಗೆರೆಗಳ ನಡುವಿನ ಅಂತರ. 55ರಲ್ಲಿ 20 ಕಳೆದರೆ 35 ಅಲ್ವಾ? ಸರ್ಜರಿ ಮುಚ್ಚುವುದು ಮುಖ್ಯವಾಗಿ ಇದನ್ನು. ಸ್ಟೇಪಿಸ್‌ನ ತಳದಲ್ಲಿ ಒಂದು ಮಿಲಿಮೀಟರ್‌ಗಿಂತ ಸಣ್ಣ ತೂತು ಕೊರೆದು, ಪಿಸ್ಟನ್ ಅನ್ನೋ ಪುಟ್ಟ ಕೃತಕ ಕಡ್ಡಿ ಇಳಿಸಿ, ಅದರ ಕೊಕ್ಕೆಯನ್ನು ಪಕ್ಕದ ಇನ್‌ಕಸ್ ಮೂಳೆಗೆ ಸಿಕ್ಕಿಸುತ್ತಾರೆ. ಅನುಭವಿ ಸರ್ಜನ್ ಮಾಡಿದರೆ 10ರಲ್ಲಿ ಸುಮಾರು 9 ಜನರಿಗೆ ಅಂತರ 10 ಡೆಸಿಬೆಲ್ ಒಳಗೆ ಬರುತ್ತದೆ.

ಆದರೆ ಸುಮಾರು 100ಕ್ಕೆ ಒಬ್ಬರಿಗೆ ಆ ಕಿವಿ ಪೂರ್ತಿ ಕೇಳದಂತಾಗಬಹುದು. ಅದಕ್ಕೇ ಎರಡೂ ಕಿವಿ ಒಟ್ಟಿಗೆ ಮಾಡುವುದಿಲ್ಲ, ಜಾಸ್ತಿ ಕೆಟ್ಟಿರುವುದನ್ನು ಮೊದಲು ಮಾಡುತ್ತಾರೆ. ಕೆಲವು ದಿನ ತಲೆಸುತ್ತು, ನಾಲಿಗೆಯ ರುಚಿಯಲ್ಲಿ ವ್ಯತ್ಯಾಸ ಇರಬಹುದು. ಅಮ್ಮನಿಗೆ ಭಯ ಇದ್ದರೆ ಹಿಯರಿಂಗ್ ಏಡ್ ಕೂಡ ಒಳ್ಳೆಯ ದಾರಿಯೇ, ಬಲವಂತ ಮಾಡಬೇಡಿ.

ದಿನಾಂಕ ಗೊತ್ತುಮಾಡುವ ಮೊದಲು ಒಂದು ಕೇಳಿ: ಎಡಗಿವಿಗೆ ಮಾಸ್ಕಿಂಗ್ ಶಬ್ದ (ಬಲಗಿವಿಯ ಪರೀಕ್ಷೆಯ ಸದ್ದು ಎಡಗಿವಿಗೆ ಕೇಳದಂತೆ ಮಾಡುವ ಶಬ್ದ) ಹಾಕಿ ಪರೀಕ್ಷೆ ಮಾಡಿದ್ದಾರಾ? ಇಲ್ಲದಿದ್ದರೆ ಆ 20 ಎಡಗಿವಿಯದ್ದೂ ಆಗಿರಬಹುದು.